ಹಸಿರು ಮುಚ್ಚಳದ ಹಲ್ಲುಗಳು

ಓಮದ ವಾಸನೆ ಬಂದರೆ ಉಳಿದವರಿಗೆ ಹಸಿವಾಗುತ್ತದೆ, ಇಲ್ಲವೇ ಹೊಟ್ಟೆನೋವಿನ ಮಗು ನೆನಪಾಗುತ್ತದೆ. ನನಗೆ ನೆನಪಾಗುವುದು ಕಿತ್ತ ಹಲ್ಲುಗಳು. ಇವತ್ತು ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಬರುವ ಲೋಕಲ್‌ನಲ್ಲಿ, ಮಳೆಗೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಬೆವರುತ್ತ ನಿಂತಿದ್ದಾಗ, ಪಕ್ಕದ ಸೀಟಿನ ಹೆಂಗಸೊಬ್ಬಳು ಟಿಫಿನ್ ಬಿಚ್ಚಿದಳು. ಓಮ ಹಾಕಿದ ಪೂರಿ. ಅವಳ ಗೆಳತಿಯರು ಕೈ ಚಾಚಿದರು. ನಾನು ಮುಂಬ್ರಾ ಸ್ಟೇಷನ್ ದಾಟುವುದರೊಳಗೆ ಹಳೆಯ ಒಂದು ಮಳೆಗಾಲಕ್ಕೆ ಹೋಗಿ ಬಂದೆ.

ಆಗ ನಾನು ನವಿ ಮುಂಬಯಿಯ ಒಂದು ದಂತ ಕಾಲೇಜಿನಲ್ಲಿ ಸ್ನಾತಕೋತ್ತರದ ಕೊನೆಯ ವರ್ಷದಲ್ಲಿದ್ದೆ. ಹಲ್ಲು ತುಂಬುವುದು ನನ್ನ ವಿಷಯ. ಹೊರಗಿನವರಿಗೆ ಇದು ಗೋಡೆಯ ತೂತಿಗೆ ಸಿಮೆಂಟ್ ಮೆತ್ತಿದಷ್ಟೇ ಕೆಲಸ. ಮೆತ್ತುವುದು ಕಷ್ಟವಲ್ಲ, ಮೆತ್ತಿದ್ದಕ್ಕೂ ಹಲ್ಲಿಗೂ ನಡುವೆ ಸಂದು ಉಳಿಯದಂತೆ ಮಾಡುವುದು ಕಷ್ಟ. ಕಣ್ಣಿಗೆ ಕಾಣದ ಆ ಸಂದಿನಲ್ಲಿ ಉಗುಳು ಇಳಿಯುತ್ತದೆ, ಉಗುಳಿನ ಹಿಂದೆ ಹುಳುಕು ಇಳಿಯುತ್ತದೆ, ಮೇಲೆ ನೋಡಿದರೆ ಫಿಲ್ಲಿಂಗ್ ಫಳಫಳ ಅನ್ನುತ್ತಿರುತ್ತದೆ. ದವಡೆಯ ಹಲ್ಲಿನಲ್ಲಿ, ಅದರಲ್ಲೂ ತೂತು ಪಕ್ಕದಿಂದ ಇಳಿದು ಒಸಡಿನ ಹತ್ತಿರ ಹೋಗಿದ್ದರೆ, ಸೋರಿಕೆಯ ಕಾಟ ಇನ್ನೂ ಹೆಚ್ಚು. ನನ್ನ ಪ್ರಬಂಧದ ವಿಷಯ ಇದೇ: ಮೂರು ರೀತಿಯಲ್ಲಿ ತುಂಬಿದ ಹಲ್ಲುಗಳಲ್ಲಿ ಯಾವುದು ಕಡಿಮೆ ಸೋರುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಕೇಳಿ ನಗದವರಿಲ್ಲ. ಡೊಂಬಿವಲಿಯಲ್ಲಿ ನಮ್ಮದು ಮೇಲಿನ ಮಹಡಿ. ಪ್ರತಿ ಮಳೆಗಾಲದಲ್ಲೂ ದೇವರ ಕೋಣೆಯ ಮೂಲೆಯಲ್ಲಿ ಬಕೆಟ್ ಇಡಬೇಕು. ಪ್ರತಿ ಮೇ ತಿಂಗಳಲ್ಲೂ ಕಟ್ಟಡದವರ ಸೊಸೈಟಿಯ ಮೀಟಿಂಗ್, ಲೀಕೇಜ್ ಬಗ್ಗೆ ಜಗಳ, ಟೆರೇಸಿಗೆ ಕಪ್ಪು ಡಾಂಬರು, ಜೂನ್ ಬಂದರೆ ಮತ್ತೆ ಬಕೆಟ್. ಅಪ್ಪ ವಾಶಿಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮನೆಯ ಆಡಳಿತವೆಲ್ಲ ಅಮ್ಮನದು. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು: "ಮನೆ ಸೋರುವುದನ್ನು ನಿಲ್ಲಿಸ್ಲಿಕ್ಕೆ ಇವಳಿಂದ ಆಗ್ಲಿಲ್ಲ. ಊರವರ ಹಲ್ಲು ಸೋರುವುದನ್ನು ನೋಡ್ಲಿಕ್ಕೆ ಹೋಗಿದ್ದಾಳೆ."

ನನ್ನ ಮಾರ್ಗದರ್ಶಿ, ವಿಭಾಗದ ಮುಖ್ಯಸ್ಥೆ ಪ್ರಧಾನ್ ಮೇಡಮ್. ಮರಾಠಿಯವರು, ಮಾತು ಕಡಿಮೆ, ಹುಬ್ಬು ಮಾತ್ರ ಬಹಳ ಮಾತಾಡುತ್ತಿತ್ತು. ಆ ವರ್ಷ ಕಂಪನಿಗಳವರು ಒಂದು ಹೊಸ ಮದ್ದು ತಂದಿದ್ದರು. ತೂತನ್ನು ಅದರಿಂದ ಒಂದೇ ಸಲಕ್ಕೆ ತುಂಬಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರೆ ಮುಗಿಯಿತು. ಇದು ಮೊದಲನೆಯ ರೀತಿ. ಎರಡನೆಯದು ಎಲ್ಲರೂ ಮಾಡುವ ಹಳೆಯ ಪದ್ಧತಿ, ಅದೇ ತರದ ಮದ್ದನ್ನು ತೆಳ್ಳಗೆ ಪದರ ಪದರವಾಗಿ ತುಂಬುವುದು. ಮೂರನೆಯದು ನನ್ನ ಹಟ: ಒಸಡಿನ ಹತ್ತಿರದ ತಳಕ್ಕೆ ಮೊದಲು ಹಲ್ಲಿಗೆ ತಾನಾಗಿ ಅಂಟುವ ಒಂದು ಸಿಮೆಂಟ್ ಹಾಕಿ, ಅದರ ಮೇಲೆ ಗಟ್ಟಿ ಮದ್ದು ತುಂಬುವುದು. ಇದಕ್ಕೆ ಸ್ಯಾಂಡ್‌ವಿಚ್ ಪದ್ಧತಿ ಎಂದೇ ಹೆಸರು. ಹೋಟೆಲಿನವನ ಮಗಳು ಬೇರೆ ಏನು ಆರಿಸಿಯಾಳು ಎಂದು ಜೊತೆಯವರು ಕಾಲೆಳೆದರು. ಮೇಡಮ್ ಹುಬ್ಬೇರಿಸಿ, "ಹಳೆಯ ಕಾಲದ್ದು, ನಿಧಾನದ್ದು. ನಿನಗೆ ಬೇಕಿದ್ದರೆ ಮಾಡು. ಆದರೆ ದೀಪಾವಳಿಯೊಳಗೆ ಫಲಿತಾಂಶ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಒಂದು ಟರ್ಮ್ ಹೋಯಿತು," ಎಂದರು.

ಪ್ರಯೋಗಕ್ಕೆ ಹಲ್ಲು ಬೇಕು, ನಿಜವಾದ ಹಲ್ಲು, ಬೇರೆ ಕಾರಣಕ್ಕೆ ಹೇಗೂ ಕೀಳಲೇಬೇಕಾಗಿ ಬಂದು ಕಿತ್ತದ್ದು. ಕಲ್ಯಾಣದಿಂದ ಠಾಣೆಯವರೆಗೆ ಪರಿಚಯದ ಡಾಕ್ಟರುಗಳ ಬಾಗಿಲಲ್ಲಿ ನಿಂತು ಕೂಡಿಸಿದೆ. ಕಿತ್ತ ಹಲ್ಲು ಒಣಗಬಾರದು. ಒಣಗಿದರೆ ಸಣ್ಣ ಬಿರುಕು ಬಿಡುತ್ತದೆ. ಅದಕ್ಕೇ ಥೈಮಾಲ್ ಎಂಬುದನ್ನು ಕರಗಿಸಿದ ನೀರಿನಲ್ಲಿ ಮುಳುಗಿಸಿಡುತ್ತಾರೆ. ಥೈಮಾಲ್ ಎಂದರೆ ಬೇರೇನಲ್ಲ, ಓಮದ ಸಾರ. ಬಾಟಲಿ ಬಿಚ್ಚಿದರೆ ಬಾಣಂತಿಯ ಕೋಣೆಯ ವಾಸನೆ.

ಜುಲೈಯ ಮಳೆಗೆ ಕಾಲೇಜಿನ ನೆಲಮಹಡಿಗೆ ನೀರು ನುಗ್ಗಿ ಲ್ಯಾಬಿನ ಫ್ರಿಜ್ ಕೆಟ್ಟಿತು. ಬಾಟಲಿಯನ್ನು ಮನೆಗೆ ತಂದೆ. ನೀರುದೋಸೆಯ ಹಿಟ್ಟಿರುವ ಫ್ರಿಜ್ಜಿನಲ್ಲಿ ಹೆರವರ ಹಲ್ಲಿಗೆ ಜಾಗವಿಲ್ಲ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದರಿಂದ ಅದು ಬಾಲ್ಕನಿಯಲ್ಲಿ ತುಳಸಿ ಕುಂಡದ ಹಿಂದೆ ಕೂತಿತು. ಮುಂದಿನ ದಿನಗಳಲ್ಲಿ ಮಳೆ ಒಂದು ಗಳಿಗೆಯೂ ಬಿಡಲಿಲ್ಲ. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಬಿಸಿಲು ಬಂತು.

ಮಳೆಗಾಲದ ಬಿಸಿಲು ಬಂದರೆ ಡೊಂಬಿವಲಿಯ ಹೆಂಗಸರು ಸುಮ್ಮನೆ ಕೂರುವುದಿಲ್ಲ. ಹಾಸಿಗೆ, ಹಪ್ಪಳ, ಮೆಣಸು, ಬೂಸಲು ಹಿಡಿದ ಚಪ್ಪಲಿ, ಎಲ್ಲವೂ ಟೆರೇಸ್ ಏರುತ್ತವೆ. ಸಂಜೆ ನಾನು ಮನೆಗೆ ಬಂದಾಗ ಅಮ್ಮನ ಮುಖದಲ್ಲಿ ಉಪಕಾರ ಮಾಡಿದವರ ಕಳೆ ಇತ್ತು.

"ನಿನ್ನ ಬಾಟಲಿಯ ನೀರು ಕಲಂಕಿ ಹೋಗಿತ್ತು ಮಗಳೇ. ಚೆಲ್ಲಿದೆ. ಎಲ್ಲ ಚೆನ್ನಾಗಿ ಬಿಸಿನೀರಲ್ಲಿ ತೊಳೆದು ಒಣಗಿಸಿದ್ದೇನೆ. ನೋಡು, ಎಷ್ಟು ಬೆಳ್ಳಗೆ ಆಗಿವೆ."

ಗೆರಸೆಯಲ್ಲಿ ಬಿಳಿ ಬಟ್ಟೆ ಹಾಸಿ, ಸಂಡಿಗೆ ಹರಡಿದ ಹಾಗೆ, ನನ್ನ ಒಂದು ವರ್ಷವನ್ನು ಹರಡಿಟ್ಟಿದ್ದರು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಹಲ್ಲಿನ ತುಂಬ ಕೂದಲಿನಂಥ ಬಿರುಕುಗಳು.

ನಾನು ಅತ್ತೆ. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರೂ ಅತ್ತರು. "ನೀರಲ್ಲೇ ಇದ್ದರೆ ಕೊಳೆಯುವುದಿಲ್ವಾ ಅಂತ ಮಾಡಿದ್ದು," ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.  ಆ ರಾತ್ರಿ ಊಟದ ಹೊತ್ತಿಗೂ ದೇವರ ಕೋಣೆಯ ಬಕೆಟ್ಟಿಗೆ ಹನಿ ಬೀಳುತ್ತಿತ್ತು.

ಮರುದಿನ ಪ್ರಧಾನ್ ಮೇಡಮ್ ಮುಂದೆ ಒಣಹಲ್ಲುಗಳನ್ನಿಟ್ಟೆ. ಒಂದನ್ನು ಎತ್ತಿ ನೋಡಿ, "ಹೇ ಕಾಯ್ ಆಹೆ?" ಇದೇನಿದು, ಎಂದರು. ಹೇಳಿದೆ. ಬೈಗುಳಕ್ಕೆ ಕಾಯುತ್ತ ನಿಂತೆ. ಅವರು ಕಿಟಕಿಯ ಕಡೆ ತಿರುಗಿದರು, ಭುಜ ಅಲುಗಿತು. ನಕ್ಕರೆಂದು ಈಗ ನನಗೆ ಗೊತ್ತು. "ದೀಪಾವಳಿ ದೀಪಾವಳಿಯೇ," ಎಂದಷ್ಟೇ ಹೇಳಿ ಕಳಿಸಿದರು.

ಸಿಟ್ಟಿಗೋ ಹತಾಶೆಗೋ, ಎಸೆಯುವ ಬದಲು ಆ ಒಣಹಲ್ಲುಗಳ ಮೇಲೆಯೇ ಇಡೀ ಪ್ರಯೋಗವನ್ನು ಒಮ್ಮೆ ಆಡಿ ನೋಡಿದೆ. ಕೊರೆದೆ, ತುಂಬಿದೆ. ತುಂಬಿದ ಜಾಗದ ಅಂಚು ಬಿಟ್ಟು ಉಳಿದ ಹಲ್ಲಿಗೆಲ್ಲ ಉಗುರಿಗೆ ಹಚ್ಚುವ ನೈಲ್ ಪಾಲಿಶ್ ಬಳಿದೆ; ಬಣ್ಣದ ನೀರು ಅಂಚಿನಿಂದ ಮಾತ್ರ ಒಳಗೆ ಹೋಗಲಿ ಎಂದು. ಆಮೇಲೆ ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ, ತೆಗೆದು, ಉದ್ದಕ್ಕೆ ಸೀಳಿದೆ. ನೀಲಿ ಎಷ್ಟು ಒಳಗೆ ಹೋಗಿದೆಯೋ ಅಷ್ಟು ಸೋರಿಕೆ. ಸೀಳಿದ್ದೆಲ್ಲ ನೀಲಿ. ನನ್ನ ಸ್ಯಾಂಡ್‌ವಿಚ್ ಕೂಡ ನೀಲಿ.

ತಲೆಯ ಮೇಲೆ ಕೈಹೊತ್ತು ಕೂತೆ. ಬಿರುಕುಗಳಿಂದ ಇಳಿದದ್ದು ಇರಬಹುದು ಎಂದುಕೊಂಡೆ. ಬಿರುಕಿನ ನೀಲಿ ತೆಳ್ಳನೆಯ ಗೆರೆಯಾಗಿ ಬೇರೆಯೇ ಕಾಣುತ್ತಿತ್ತು. ಮಿಕ್ಕ ನೀಲಿ ಎಲ್ಲಿಂದ ಬಂತು? ಆಗ ನಮ್ಮ ದೇವರ ಕೋಣೆ ನೆನಪಾಯಿತು. ವರ್ಷ ವರ್ಷ ಟೆರೇಸಿಗೆ ಡಾಂಬರು ಬಳಿದದ್ದು ವ್ಯರ್ಥ. ಹಿಂದಿನ ವರ್ಷ ಒಬ್ಬ ಪ್ಲಂಬರ್ ನೋಡಿ, ನೀರು ಮೇಲಿನಿಂದಲ್ಲ, ಪಕ್ಕದ ಗೋಡೆಯೊಳಗಿನ ಪೈಪಿನಿಂದ ಬರುತ್ತಿದೆ ಎಂದಿದ್ದ. ಸೊಸೈಟಿಯವರು ಕೇಳಲಿಲ್ಲ ಅಷ್ಟೆ. ಹಲ್ಲನ್ನು ತಿರುಗಿಸಿ ಬುಡ ನೋಡಿದೆ. ನೀಲಿ ಮೇಲಿನಿಂದ ಇಳಿದಿರಲಿಲ್ಲ. ಬೇರಿನ ತುದಿಯ ಸೂಜಿಮೊನೆಯಂಥ ತೂತಿನಿಂದ ಒಳಗೆ ಹೊಕ್ಕು ಮೇಲಕ್ಕೆ ಹತ್ತಿತ್ತು. ಅಲ್ಲಿಗೆ ಪಾಲಿಶ್ ಸಾಲದು, ಮೊದಲು ಮೇಣದಲ್ಲಿ ಮುಚ್ಚಬೇಕಿತ್ತು. ಒಳ್ಳೆಯ ಹಲ್ಲುಗಳ ಮೇಲೆ ನೇರವಾಗಿ ಕೈಹಾಕಿದ್ದರೆ ಅವೆಲ್ಲ ಹೀಗೆಯೇ ನೀಲಿಯಾಗಿ, ಯಾಕೆಂದು ತಿಳಿಯುವಷ್ಟರಲ್ಲಿ ದೀಪಾವಳಿಯೂ ದಾಟುತ್ತಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಹಾಗಾದರೆ ನಾನು ಮಾಡಿದ್ದು ಒಳ್ಳೆಯದೇ ಆಯ್ತಲ್ಲ," ಎಂದು ಅವರು ಆ ದಿನವೇ ತಲೆ ಎತ್ತಿ ನಡೆಯಲು ಶುರುಮಾಡಿದರು.

ಇನ್ನು ಹೊಸ ಹಲ್ಲು. ನಮ್ಮ ಕಾಲೇಜು ರಬಾಳೆಯ ಕಾರ್ಖಾನೆಗಳ ಹತ್ತಿರ ಭಾನುವಾರಗಳಲ್ಲಿ ಹಲ್ಲಿನ ಶಿಬಿರ ನಡೆಸುತ್ತಿತ್ತು. ಬರುವವರಲ್ಲಿ ಬಹಳ ಮಂದಿ ಕಲಬುರಗಿ, ರಾಯಚೂರು ಕಡೆಯವರು. ಅಲ್ಲಾಡುವ ಹಲ್ಲನ್ನು ಕೀಳಿಸಿಕೊಳ್ಳಲು ಅವರದೇನೂ ತಕರಾರಿಲ್ಲ. ಕಿತ್ತ ಹಲ್ಲನ್ನು ಮಾತ್ರ ಕೇಳಿ ಪಡೆದು, ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗುತ್ತಿದ್ದರು. ಕೂದಲು, ಉಗುರು, ಹಲ್ಲು ಕಂಡವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆಂಬ ಭಯ. ನನ್ನ ಕರಾವಳಿ ಕನ್ನಡದಲ್ಲಿ ಎಷ್ಟು ಬಿಡಿಸಿ ಹೇಳಿದರೂ ಅವರು ಹೂಂ ಎನ್ನುತ್ತಲೇ ಹಲ್ಲನ್ನು ಜೇಬಿಗೆ ಹಾಕುತ್ತಿದ್ದರು.

ಶರಣಮ್ಮ ಸಿಕ್ಕಿದ್ದು ಅಲ್ಲೇ. ಕಲಬುರಗಿ ಕಡೆಯ ಹೆಂಗಸು, ರಬಾಳೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಅವಳಿದ್ದ ಚಾಳಿನ ಇಡೀ ವಠಾರಕ್ಕೆ ಅವಳ ಮಾತೆಂದರೆ ಮಾತು. ನಾಗರ ಪಂಚಮಿಯ ಮರುದಿನ ಕೆನ್ನೆ ಹಿಡಿದುಕೊಂಡು ಬಂದಳು.

"ಊರಿಂದ ಶೇಂಗಾದ ಉಂಡಿ ಬಂದಾವ, ಹುರದ ಕಡ್ಲಿ ಬಂದಾವ. ಒಂದೂ ತಿನ್ಲಾಕ ಆಗವಲ್ದು ಡಾಕ್ಟರಬಾಯಿ. ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಂಗ ಆಗ್ಯದ ನನ್ನ ಬಾಳೇವು. ಇದನ್ನ ಎರಡ ಸಲ ತುಂಬಿಸೀನಿ. ಎರಡೂ ಸಲ ಒಳಗಿಂದ ಹುಳುಕಾತು. ಕಿತ್ತ ಒಗಿ."

ಬಾಯಿ ತೆರೆಸಿ ನೋಡಿದೆ. ಕೆಳದವಡೆಯ ದೊಡ್ಡ ಹಲ್ಲು. ಫಿಲ್ಲಿಂಗ್ ಮೇಲಿಂದ ಗಟ್ಟಿ. ಒಸಡಿನ ಹತ್ತಿರ ಅಂಚಿನಲ್ಲಿ ಸಂದು. ನನ್ನ ಪ್ರಬಂಧವೇ ಅವಳ ಬಾಯಲ್ಲಿ ಕೂತಿತ್ತು. ನನಗೆ ಹಲ್ಲು ಬೇಕಾಗಿರುವ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು. "ಕಿತ್ತು ನೀನೇ ಇಟ್ಕೋ. ನಂಗ ಮಾಟ ಗೀಟದ ಅಂಜಿಕಿ ಇಲ್ಲ," ಎಂದಳು.

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಥ ದಪ್ಪ ಹಲ್ಲು ಸಿಗುವುದು ಅಪರೂಪ. ಆದರೆ ಬೇರು ಕಲ್ಲಿನಂತಿತ್ತು, ನರಕ್ಕೆ ಇನ್ನೂ ಏನೂ ಆಗಿರಲಿಲ್ಲ. "ಇದು ಕೀಳುವ ಹಲ್ಲಲ್ಲ ಶರಣಮ್ಮ. ಉಳಿಯುತ್ತದೆ," ಎಂದೆ.

"ಇಬ್ರು ಡಾಕ್ಟರ್ ಹಿಂಗೇ ಅಂದ್ರು. ನೀ ತುಂಬಿದ್ದು ಸೋರೂದಿಲ್ಲ ಅಂತ ಹ್ಯಾಂಗ ಹೇಳ್ತಿ?"

ಹೇಗೆ ಹೇಳಲಿ? ಅದನ್ನೇ ಕಂಡುಹಿಡಿಯಲು ನಾನು ಓಡಾಡುತ್ತಿದ್ದೆ. ಹುಳುಕು ಕೆರೆದು, ಲವಂಗದ ಎಣ್ಣೆಯ ತಾತ್ಕಾಲಿಕ ಮದ್ದು ಮೆತ್ತಿ, "ದೀಪಾವಳಿಯೊಳಗೆ ಹೇಳ್ತೇನೆ. ಅಲ್ಲಿಯವರೆಗೆ ಇದನ್ನು ಕಾಪಾಡಿಕೋ," ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬೇಕೆಂದ ಹಲ್ಲನ್ನು ಬೇಡವೆಂದದ್ದು ಅವಳಿಗೆ ಹಿಡಿಸಿತೆಂದು ಕಾಣುತ್ತದೆ.

ಮುಂದಿನ ಭಾನುವಾರ ಅವಳೇ ಶಿಬಿರದ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಕಿತ್ತ ಹಲ್ಲನ್ನು ಜೇಬಿಗೆ ಇಳಿಸುತ್ತಿದ್ದ ಒಬ್ಬ ಮುದುಕನನ್ನು ತಡೆದು ಹೇಳಿದಳು: "ಇಕಿ ಮಾಟ ಮಾಡಾಕಿ ಇದ್ದಿದ್ರ ಮದಲ ತನಗ ಚೂರು ಮೈ ಕೈ ತುಂಬೂ ಹಂಗ ಮಾಡ್ಕೊತಿದ್ದಿಲ್ಲೇನ್ ಕಾಕಾ? ನೋಡು, ಹ್ಯಾಂಗ ಒಣಕಟಿಗಿ ಆಗ್ಯಾಳ. ಕೊಡು ಆ ಹಲ್ಲು." ಮುದುಕ ಕೊಟ್ಟ. ಕೆಲಸ ಮುಗಿದ ಮೇಲೆ ಹಲ್ಲನ್ನು ಮಣ್ಣಿಗೇ ಹಾಕಬೇಕೆಂದು ಮಾತು ತೆಗೆದುಕೊಂಡು ಕೊಟ್ಟ. ಗಣಪತಿ ಹಬ್ಬ ಮುಗಿಯುವುದರೊಳಗೆ ಬಾಟಲಿ ತುಂಬಿತು. ಈ ಸಲ ಫ್ರಿಜ್ಜಿನಲ್ಲಿ ಅಮ್ಮನೇ ಒಂದು ಖಾನೆ ತೆರವು ಮಾಡಿಕೊಟ್ಟು, ದೋಸೆ ಹಿಟ್ಟನ್ನು ಪಕ್ಕದ ಮನೆಗೆ ಕಳಿಸಿದರು.

ಮೂರು ಗುಂಪು, ಮೂರು ಉಪ್ಪಿನಕಾಯಿ ಬಾಟಲಿ. ಒಂದೇ ಸಲಕ್ಕೆ ತುಂಬಿದವು ಕೆಂಪು ಮುಚ್ಚಳದ್ದರಲ್ಲಿ, ಪದರ ಪದರವಾಗಿ ತುಂಬಿದವು ಹಳದಿಯದರಲ್ಲಿ, ನನ್ನ ಸ್ಯಾಂಡ್‌ವಿಚ್ ಹಸಿರಿನದರಲ್ಲಿ. ಯಾವ ಬಣ್ಣ ಯಾವುದೆಂದು ಮೇಡಮ್‌ಗೆ ಹೇಳಬಾರದೆಂಬುದು ಅವರದೇ ನಿಯಮ. ಬಾಯಿಯೊಳಗೆ ಬಿಸಿ ಚಹಾ, ತಣ್ಣನೆಯ ಐಸ್‌ಕ್ರೀಮ್ ಎಲ್ಲ ಹಾದುಹೋಗುತ್ತದೆಯಲ್ಲ, ಹಾಗಾಗಿ ತುಂಬಿದ ಹಲ್ಲುಗಳನ್ನು ಬಿಸಿನೀರಿಗೂ ಐಸ್ ನೀರಿಗೂ ಬದಲಿಸಿ ಬದಲಿಸಿ ಅದ್ದಬೇಕು. ಅದಕ್ಕೆ ಯಂತ್ರವಿದೆ, ನಮ್ಮದು ಮಳೆನೀರಿನಲ್ಲಿ ಕುಳಿತು ಕೆಟ್ಟಿತ್ತು. ಅಪ್ಪ ಹೋಟೆಲಿನಿಂದ ಚಹಾ ಸೋಸುವ ಜಾಲರಿಗಳನ್ನು ತಂದುಕೊಟ್ಟರು. ನಾನು ಕೈಯಲ್ಲೇ ಅದ್ದತೊಡಗಿದೆ. ದಿನಗಟ್ಟಲೆಯ ಕೆಲಸ, ಹೆಗಲು ಬಿದ್ದುಹೋಯಿತು.

ಅಮ್ಮ ಒಂದು ದಿನ ಊಟದ ಡಬ್ಬಿ ಹಿಡಿದು ಕಾಲೇಜಿಗೇ ಬಂದರು. ನನ್ನ ಕೈಯಿಂದ ಜಾಲರಿ ಕಿತ್ತುಕೊಂಡು, "ಎಷ್ಟು ಹೊತ್ತು ಒಳಗೆ, ಎಷ್ಟು ಹೊತ್ತು ಹೊರಗೆ, ಅಷ್ಟು ಹೇಳು ಸಾಕು," ಎಂದರು. ಗಡಿಯಾರ ತೋರಿಸಿದೆ. ಅವರು ಗಡಿಯಾರ ನೋಡಲಿಲ್ಲ, ಭಜನೆ ಹಿಡಿದರು. ಪಲ್ಲವಿ ಬಿಸಿನೀರಿನಲ್ಲಿ, ಚರಣ ತಣ್ಣೀರಿನಲ್ಲಿ. ನಾನು ಪಕ್ಕದಲ್ಲಿ ಗಡಿಯಾರ ಹಿಡಿದು ನೋಡಿದೆ, ಒಂದು ಸಲವೂ ತಾಳ ತಪ್ಪಲಿಲ್ಲ. ಬಾಗಿಲಲ್ಲಿ ಪ್ರಧಾನ್ ಮೇಡಮ್ ಬಂದು ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.

"ಹ್ಯಾಚ್ ಕಾ ತ್ಯಾ ಆಯಿ?" ಇವರೇ ತಾನೆ ಆ ಅಮ್ಮ, ಎಂದು ಮೇಡಮ್ ಕೇಳಿದರು.

ಅಮ್ಮ ಜಾಲರಿ ಎತ್ತದೆಯೇ ಮರಾಠಿಯಲ್ಲಿ, "ಹೋ. ಒಣಗಿಸಿದವಳೂ ನಾನೇ, ಈಗ ನೆನೆಸುವವಳೂ ನಾನೇ," ಎಂದರು. ಮೇಡಮ್ ಹುಬ್ಬು ಆ ದಿನ ಕೆಳಗಿಳಿಯಿತು. ಊಟದ ಹೊತ್ತಿಗೆ ಮೂವರೂ ಅಮ್ಮನ ಡಬ್ಬಿಯ ಪತ್ರೊಡೆ ತಿಂದೆವು.

ಬೇರುಗಳ ತುದಿಗೆ ಮೇಣ, ಮೇಲೆ ಪಾಲಿಶ್, ಆಮೇಲೆ ನೀಲಿ ನೀರು. ದಸರೆಯ ಹಿಂದಿನ ವಾರ ಸೀಳಿದೆ. ಸೀಳಿದ್ದನ್ನು ನಾನು ಮೊದಲು ನೋಡುವ ಹಾಗಿರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಮೇಡಮ್ ಕೂತರು. ನಾನು ಹಲ್ಲಿಡುವುದು, ಅವರು ನೋಡುವುದು. ಹೊರಗೆ ಮಳೆ ಹಿಂದೆ ಸರಿಯುವ ಗುಡುಗು. ಕೆಂಪು ಮುಚ್ಚಳದವು ಬಂದಾಗ, "ತಳದವರೆಗೆ ಹೋಗಿದೆ," ಎಂದರು. ಇನ್ನೊಂದಕ್ಕೆ, "ಇದೂ." ಹಳದಿಯವು ಹಾಗೂ ಹೀಗೂ, ಕೆಲವು ಒಳ್ಳೆಯವು, ಕೆಲವು ಕೆಟ್ಟವು. ಹಸಿರು ಮುಚ್ಚಳದ ಮೊದಲ ಹಲ್ಲನ್ನಿಟ್ಟೆ. ಅವರು ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ಮತ್ತೊಮ್ಮೆ ನೋಡಿದರು. ಎರಡನೆಯದನ್ನೂ ಹಾಗೆಯೇ.  ಇನ್ನಷ್ಟು ನೋಡಿದ ಮೇಲೆ ತಲೆ ಎತ್ತಿದರು.

"ಹಸಿರು ಯಾವುದು?"

"ಎಲ್ಲ ಮುಗಿಯಲಿ ಮೇಡಮ್. ನಿಮ್ಮದೇ ನಿಯಮ," ಎಂದೆ. ಧೈರ್ಯ ಎಲ್ಲಿಂದ ಬಂತೋ.

ಅವರು ಮತ್ತೆ ಬಗ್ಗಿದರು. ಹಸಿರಿನಲ್ಲೂ ಒಂದೆರಡು ಸೋರಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಉಳಿದವುಗಳಲ್ಲಿ ನೀಲಿ ಅಂಚಿನ ಹೊಸ್ತಿಲವರೆಗೆ ಬಂದು ನಿಂತಿತ್ತು. ಕೊನೆಯದನ್ನು ನೋಡಿ ಮುಗಿಸಿದ ಮೇಲೆ ಹೇಳಿದೆ: "ಸ್ಯಾಂಡ್‌ವಿಚ್." ಮೇಡಮ್ ಎದ್ದು ಕಾರಿಡಾರಿಗೆ ಹೋಗಿ ಇಡೀ ವಿಭಾಗವನ್ನು ಕರೆದರು. "ಯಾ, ಬಘಾ," ಬನ್ನಿ, ನೋಡಿ. ಕಾಲೆಳೆದಿದ್ದವರು ಸಾಲಾಗಿ ನಿಂತು ನೋಡಿದರು. ನಾನು ಅಪ್ಪನ ಹೋಟೆಲಿಗೆ ಫೋನ್ ಮಾಡಿ ಅಷ್ಟೂ ಮಂದಿಗೆ ಸ್ಯಾಂಡ್‌ವಿಚ್ಚನ್ನೇ ತರಿಸಿದೆ. ಆ ಸಂಜೆ ನನ್ನಷ್ಟು ದೊಡ್ಡವಳು ನವಿ ಮುಂಬಯಿಯಲ್ಲಿ ಬೇರೆ ಯಾರೂ ಇರಲಿಲ್ಲ.

ದಸರೆ ಕಳೆದು ಶರಣಮ್ಮ ಬಂದಳು. ತಾತ್ಕಾಲಿಕ ಮದ್ದನ್ನು ಮಗುವಿನಂತೆ ಕಾಪಾಡಿಕೊಂಡಿದ್ದಳು, ಆ ಬದಿಯಲ್ಲಿ ಅನ್ನವನ್ನೂ ಅಗಿದಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಕೈಗವಸು ಹಾಕುತ್ತಿದ್ದಾಗ ಪ್ರಧಾನ್ ಮೇಡಮ್ ಬಂದು ಎದುರು ಬದಿಯ ಸ್ಟೂಲಿನಲ್ಲಿ ಕೂತರು. ಅವರೇ ಮಾಡುತ್ತಾರೆಂದು ನಾನು ಏಳಹೋದೆ. ಅವರು ಉಗುಳು ಎಳೆಯುವ ಕೊಳವೆಯನ್ನು ಕೈಗೆ ತೆಗೆದುಕೊಂಡು, "ತೂ ಕರ್," ಎಂದರು. ನೀನು ಮಾಡು. ವಿಭಾಗದ ಮುಖ್ಯಸ್ಥೆ ವಿದ್ಯಾರ್ಥಿನಿಗೆ ಕೊಳವೆ ಹಿಡಿದದ್ದನ್ನು ಆ ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ತಳಕ್ಕೆ ಸಿಮೆಂಟ್ ಹಾಕಿದೆ, ಕಾದೆ, ಮೇಲೆ ಮದ್ದು ತುಂಬಿದೆ.  ಸೀಳಿದ ಹಲ್ಲುಗಳನ್ನು ಮೇಡಮ್ ಒಪ್ಪಿಗೆಯಿಂದ ಕಾಲೇಜಿನ ಹಿಂದಿನ ಸಂಪಿಗೆ ಮರದ ಬುಡದಲ್ಲಿ ಮಣ್ಣಿಗೆ ಹಾಕಿದೆವು. ಗುಂಡಿ ತೋಡಿದವಳು ಶರಣಮ್ಮ.

ಅದೆಲ್ಲ ಆಗಿ ಎಷ್ಟೋ ಪಂಚಮಿ ಕಳೆದಿವೆ. ಈಗ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ನನ್ನದೇ ಕ್ಲಿನಿಕ್ ಇದೆ. ದೇವರ ಕೋಣೆಯ ಗೋಡೆ ಒಡೆಸಿ ಪೈಪು ಬದಲಿಸಿದ್ದೇವೆ, ಬಕೆಟ್ ಬಚ್ಚಲಿಗೆ ಹೋಗಿದೆ. ಓಮದ ಪೂರಿಯ ಲೋಕಲ್‌ನಿಂದ ಇಳಿದು, ರಿಕ್ಷಾ ಹಿಡಿದು, ಕೊಡೆ ಮಡಚಿ ಒಳಗೆ ಬಂದರೆ ಬೆಂಚಿನ ಮೇಲೆ ಶರಣಮ್ಮ ಕೂತಿದ್ದಾಳೆ. ಪ್ರತಿ ಪಂಚಮಿಗೆ ರಬಾಳೆಯಿಂದ ಬರುತ್ತಾಳೆ. ಕೂದಲು ಹಣ್ಣಾಗಿದೆ, ಮುಂದಿನ ಎರಡು ಹಲ್ಲು ಉದುರಿವೆ. ಕುರ್ಚಿಯಲ್ಲಿ ಕೂರಿಸಿ, ಮೊನೆಯ ಕಡ್ಡಿಯನ್ನು ಆ ದವಡೆಯ ಹಲ್ಲಿನ ಅಂಚಿನಲ್ಲಿ ಎಳೆದೆ. ಸಂದಿದ್ದರೆ ಮೊನೆ ಸಿಕ್ಕಿಕೊಳ್ಳಬೇಕು. ಹಲ್ಲಿನಿಂದ ಮದ್ದಿಗೆ, ಮದ್ದಿನಿಂದ ಹಲ್ಲಿಗೆ, ಎಲ್ಲೂ ಸಿಕ್ಕಲಿಲ್ಲ. ಮತ್ತೊಮ್ಮೆ ಎಳೆದೆ, ಅಗತ್ಯವಿರಲಿಲ್ಲ, ನನ್ನ ಖುಷಿಗೆ.

"ಏನಾಯ್ತು ಶರಣಮ್ಮ ನಿನ್ನ ಗಾದೆ? ಹಲ್ಲಿದ್ದಾಗ ಕಡ್ಲಿ ಇಲ್ಲ..."

ಅವಳು ಚೀಲಕ್ಕೆ ಕೈಹಾಕಿ, ಹುರಿದ ಕಡಲೆ ಒಂದು ಹಿಡಿ ತೆಗೆದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಅದೇ ಬದಿಯ ದವಡೆಗೆ ಹಾಕಿ ಕಟುಮ್ಮನೆ ಕಡಿದಳು. ಹೊರಗೆ ಕೂತಿದ್ದ ರೋಗಿಗಳು ತಲೆ ಎತ್ತಿ ನೋಡಿದರು. ಉಳಿದ ಕಡಲೆಯನ್ನು ನನ್ನ ಅಂಗೈಗೆ ಸುರಿದು ಹೇಳಿದಳು: "ತಿನ್ನು. ಇನ್ನೂ ಒಣಕಟಿಗಿ ಹಂಗೇ ಇದ್ದಿ."